ಟೀವಿ ಇಲ್ಲದ ಬಾರ್‌ಗೆ ತುಮಕೂರಲ್ಲಿ ಯಾರು ಬರ್ತಾರೆ?

ನನ್ನ ಬಾಮೈದ ಬಿ.ಎಚ್. ರಸ್ತೆ ಪಕ್ಕದಲ್ಲಿ ಒಂದು ಮಹಡಿ ಹಿಡಿದಿದ್ದಾನೆ. ಟಿಕಿ ಬಾರ್ ಮಾಡ್ತಾನಂತೆ, ಅಂದ್ರೆ ಪೆಸಿಫಿಕ್ ದ್ವೀಪದ ಗುಡಿಸಲಿನ ಥರ ಸಿಂಗರಿಸಿ ರಮ್ ಕಾಕ್‌ಟೇಲ್ ಕೊಡೋ ಬಾರ್. ಗೋವಾಕ್ಕೆ ಹೋಗಿ ಬಂದವರಿಗೆಲ್ಲ ಇಂಥ ಯೋಚನೆ ಬರುತ್ತೆ, ನಾಲ್ಕು ದಿನಕ್ಕೆ ಇಳಿಯುತ್ತೆ. ಇವನದ್ದು ಇಳಿಯಲಿಲ್ಲ. ಲೈಸೆನ್ಸ್ ಇದ್ದವರ ಜೊತೆ ಮಾತಾಗಿದೆ, ಗುಬ್ಬಿ ತೋಟದಿಂದ ಸೋಗೆ ಬಂದು ಬಿದ್ದಿದೆ, ತಿಪಟೂರಿಂದ ಎರಡು ಚೀಲ ಕರಟ ಬಂದಿದೆ. ಸಾಮಾನಿಗೇನು ಬರ, ತೆಂಗಿನ ಸೀಮೆ ಅಲ್ವಾ ನಮ್ಮದು.

ಯಾರು ಬಂದು ಕೂರಬೇಕು ಅಂತ ಯೋಚಿಸಿದ್ದೀಯಾ ಅಂದೆ. "ಎಲ್ಲಾರೂ ಬರ್ಲಿ ಭಾವ" ಅಂದ. ನಮ್ಮ ತಕರಾರು ಶುರುವಾಗಿದ್ದೇ ಅಲ್ಲಿ.

ಈ ಟಿಕಿ ಬಾರ್ ಯಾವ ದ್ವೀಪದಲ್ಲೂ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಪಾನನಿಷೇಧ ಮುಗಿದ ಕಾಲಕ್ಕೆ, 1930ರ ದಶಕದಲ್ಲಿ, ಅರ್ನೆಸ್ಟ್ ಗ್ಯಾಂಟ್ ಅನ್ನೋನು ಹಾಲಿವುಡ್‌ನಲ್ಲಿ ತೆರೆದ ಸಣ್ಣ ಜಾಗದಿಂದ ಶುರುವಾಗಿದ್ದು. ತಗಡಿನ ಮಾಡಿನ ಮೇಲೆ ಪೈಪಲ್ಲಿ ನೀರು ಬಿಡ್ತಿದ್ದನಂತೆ, ಹೊರಗೆ ಮಳೆ ಅಂದ್ಕೊಂಡು ಗಿರಾಕಿ ಇನ್ನೊಂದು ಗ್ಲಾಸ್ ಹೇಳಲಿ ಅಂತ. ಆದರೆ 'ಜೋಂಬಿ' ಅನ್ನೋ ಡ್ರಿಂಕು ಮಾತ್ರ ಒಬ್ಬರಿಗೆ ಎರಡೇ. ಅಂದ್ರೆ ಕೂರಿಸೋದೂ ಗೊತ್ತಿತ್ತು, ತಡೆಯೋದೂ ಗೊತ್ತಿತ್ತು. ಅವನ ಎದುರಾಳಿ ಓಕ್ಲೆಂಡಿನ ವಿಕ್ಟರ್ ಬರ್ಜರಾನ್ 1944ರಲ್ಲಿ 'ಮಾಯ್ ಟಾಯ್' ಅನ್ನೋ ಡ್ರಿಂಕು ಮಾಡಿದ. ರಮ್, ನಿಂಬೆರಸ, ಕಿತ್ತಳೆ ಮದ್ಯ, ಬಾದಾಮಿ ಸಿರಪ್. ಅನಾನಸ್ ಜ್ಯೂಸ್ ಸುರಿಯೋದೆಲ್ಲ ಆಮೇಲಿನ ಚಟ.

ನಿಂಬೆ ಹಿಂಡಿ, ಐಸ್ ಕುಟ್ಟಿ, ಕುಲುಕಿ ಕೊಡೋ ಹೊತ್ತಿಗೆ, ನಿಂತಲ್ಲೇ ನೈಂಟಿ ಹಾಕಿ ಬಸ್ ಹಿಡಿಯೋ ಗಿರಾಕಿ ಶಿರಾ ದಾಟಿರ್ತಾನೆ. ಅವನು ಕೆಟ್ಟವನಲ್ಲ, ಈ ಜಾಗ ಅವನಿಗಲ್ಲ ಅಷ್ಟೇ. ವಸಂತನರಸಾಪುರದ ಫ್ಯಾಕ್ಟರಿ ಇಂಜಿನಿಯರ್‌ಗಳು, ದಿನಾ ರೈಲಲ್ಲಿ ಬೆಂಗಳೂರಿಗೆ ಓಡಾಡಿ ಶನಿವಾರ ಮತ್ತೆ ಅಲ್ಲಿಗೆ ಹೋಗೋಕೆ ಬೇಜಾರಾಗೋರು, ಗಂಡ ಹೆಂಡತಿ ಜೊತೆಯಾಗಿ ಬರೋರು, ಇವರನ್ನ ನೋಡ್ಕೋ ಅಂದೆ. ಹೋದ ವರ್ಷ ಊರಿನ ಒಂದು ಬಾರ್‌ಗೆ ನಾನೂ ಹೆಂಡತಿಯೂ ಊಟಕ್ಕೆ ಹೋಗಿದ್ವಿ. ಫ್ಯಾಮಿಲಿ ರೂಮ್ ಅಂದ್ರೆ ಪ್ಲೈವುಡ್ ಗೂಡು, ತಲೆ ಮೇಲೆ ಟ್ಯೂಬ್‌ಲೈಟು, ಆ ಕಡೆ ಟೀವಿ ನೋಡ್ತಾ ಪ್ರತಿ ವಿಕೆಟ್ಟಿಗೂ ಟೇಬಲ್ ಗುದ್ದೋ ಸದ್ದು. ನನ್ನ ಹೆಂಡತಿ ಗೋಬಿ ಅರ್ಧಕ್ಕೇ ಬಿಟ್ಟು ಎದ್ದಳು. "ನಿಮ್ಮಕ್ಕ ಇಲ್ಲಿ ಒಂದು ಗಂಟೆ ನೆಮ್ಮದಿಯಾಗಿ ಕೂರ್ತಾಳಾ, ಅದನ್ನ ನೋಡಪ್ಪಾ" ಅಂದೆ.

ಭಾನುವಾರ ಜಾಗಕ್ಕೆ ಹೋದ್ವಿ. ಪಶ್ಚಿಮಕ್ಕೆ ಮೂರು ಕಿಟಕಿ, ಗೋಡೆಗೆ ಬಣ್ಣ ಬದಲಾಯಿಸೋ ಎಲ್‌ಇಡಿ ಪಟ್ಟಿ, ಮೂಲೆಯಲ್ಲಿ ಡಬ್ಬ ಬಿಚ್ಚದ 55 ಇಂಚಿನ ಟೀವಿ. ಕಿಟಕಿಗೆ ಗೋಣಿಚೀಲ ಹೊಡೆದು, ಬಿದಿರು ಕುಕ್ಕೆ ಒಂದನ್ನ ಬೋರಲು ಹಾಕಿ ಅದರೊಳಗೆ ಹಳದಿ ಬಲ್ಬ್ ಇಳಿಬಿಟ್ವಿ. ಗೋಡೆ ಮೇಲೆಲ್ಲ ಕುಕ್ಕೆಯ ಹೆಣಿಗೆಯ ನೆರಳು. ಅಲ್ಲಿವರೆಗೂ ಕಿರುಚಿ ಮಾತಾಡ್ತಿದ್ದ ನಮ್ಮ ಹುಡುಗ ತಾನಾಗೇ ದನಿ ಇಳಿಸಿದ. "ಭಾವ, ಯಾಕೆ ಮೆತ್ತಗೆ ಮಾತಾಡ್ತಿದ್ದೀವಿ?" ಅಂತ ಅವನೇ ಕೇಳಿದ.

ಇನ್ನೊಂದು ಮಾತಿಗೂ ಜಗಳ ಆಯ್ತು. ಟಿಕಿ ಮುಖ ಕೆತ್ತಿದ ಲೋಟ ಬೇಕು ಅಂದ. ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿ ಜನರಿಗೆ ಟಿಕಿ ಅಂದ್ರೆ ಮೊದಲ ಮನುಷ್ಯ, ಆ ಕೆತ್ತನೆ ಅವರ ಪೂರ್ವಿಕರ ಗುರುತು. ನಮ್ಮೂರ ದೇವರ ಮುಖ ಬೀರ್ ಮಗ್ಗಿನ ಮೇಲೆ ಬಂದ್ರೆ ಸುಮ್ನಿರ್ತೀವಾ? ಕರಟ ಉಜ್ಜಿ ನುಣುಪು ಮಾಡಿ ಅದರಲ್ಲೇ ಕೊಡು ಅಂದೆ, ಒಪ್ಪಿದ. ಡ್ರಿಂಕಿಗೆ ಬೆಂಕಿ ಹಚ್ಚೋದನ್ನೂ ಕೈಬಿಡಿಸಿದೆ, ಮೇಲೆ ಒಣ ಸೋಗೆ ಇದೆ ಮಾರಾಯಾ!

ಟೀವಿ ವಾಪಸ್ ಕೊಟ್ಟುಬಿಡು ಅಂದಿದ್ದೆ, ಅದು ಮಾತ್ರ ಇನ್ನೂ ಅಂಗಡಿಗೆ ಹೋಗಿಲ್ಲ. "ಐಪಿಎಲ್ ಫೈನಲ್ ಒಂದಿನ ಭಾವ, ಆರ್‌ಸಿಬಿ ಬಂದ್ರೆ ಮಾತ್ರ" ಅಂತಿದ್ದಾನೆ.