ಇದ್ರಲ್ಲಿ ಲೀಡರ್ ಯಾವ್ದು ಮಿಸ್?

ಶಾಲೆಗಳಿಗೆ ಹೋಗಿ ಹಕ್ಕಿಗಳ ಫೋಟೊ ತೋರಿಸಿ ಮಾತಾಡುವುದು ನನ್ನ ಶನಿವಾರದ ಕೆಲಸ. ಸಂಬಳ ಅಂದ್ರೆ ಒಂದು ಲೋಟ ಕಾಫಿ, ಅದೃಷ್ಟ ಇದ್ದರೆ ಉಪ್ಪಿಟ್ಟು. ಮಿಂಚುಳ್ಳಿ ಬಂದಾಗ, ನವಿಲು ಬಂದಾಗ ಮಕ್ಕಳು "ಓ..." ಅಂತಾರೆ. ಆಮೇಲೆ ಒಂದು ಫೋಟೊ ಬರುತ್ತದೆ. ಮರಳುಗಾಡಿನ ಒಂದು ಬೋಳು ಮರ. ಅದರ ಮೇಲೆ ಹದಿನೈದಿಪ್ಪತ್ತು ರಣಹದ್ದು. ಎಲ್ಲದರ ಕತ್ತು ಒಂದೇ ಕಡೆ. ಆಗ ಕೈಗಳು ಏಳುತ್ತವೆ.

"ಇದ್ರಲ್ಲಿ ಲೀಡರ್ ಯಾವ್ದು ಮಿಸ್?"

ಊರು ಬೇರೆ, ಶಾಲೆ ಬೇರೆ, ಪ್ರಶ್ನೆ ಮಾತ್ರ ಇದೇ. ಮಕ್ಕಳದ್ದೇನೂ ತಪ್ಪಿಲ್ಲ. ಟೀವಿಯ ಕಾರ್ಟೂನಿನಲ್ಲಿ ರಣಹದ್ದು ಬಂದರೆ ಗ್ಯಾಂಗೇ ಬರುತ್ತದೆ. ಅದಕ್ಕೊಬ್ಬ ಬೋಳುತಲೆಯ ನಾಯಕ. ಗೊಗ್ಗರು ದನಿ. ಹಿಂದೆ ಹಸಿದ ಹತ್ತು ಚೇಲಾಗಳು. "ಬಾಸ್, ಊಟ ಯಾವಾಗ?" ಅಂತ ಅವು ಕೇಳಿದಾಗೆಲ್ಲ ಇವನೊಂದು ಹೊಸ ಕುತಂತ್ರ ಹೂಡುತ್ತಾನೆ, ಅದು ಕೆಡುತ್ತದೆ. ದೊಡ್ಡವರೂ ಕೇಳುತ್ತಾರೆ, ಸ್ವಲ್ಪ ಸುತ್ತಿ ಬಳಸಿ: "ಅಲ್ಲ ಮೇಡಂ, ಆ ಮರುಭೂಮೀಲಿ ಅಷ್ಟು ಹೊಟ್ಟೆಗೆ ಊಟ ಹೊಂದಿಸೋದು ಯಾರು?"

ಯಾರೂ ಇಲ್ಲ. ಲೀಡರ್ ಇಲ್ಲ, ಚೇಲಾಗಳೂ ಇಲ್ಲ. ಶಾಲೆಯಲ್ಲಿ ಇಷ್ಟು ಹೇಳುವಷ್ಟರಲ್ಲಿ ಬೆಲ್ ಹೊಡೆಯುತ್ತದೆ. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಆ ಫೋಟೊ ತೆಗೆದದ್ದು ರಾಜಸ್ಥಾನದ ಬಿಕಾನೇರ್ ಪಕ್ಕದ ಜೋರ್‌ಬೀರ್‌ನಲ್ಲಿ. ಥಾರ್ ಮರುಭೂಮಿಯ ಸೀಮೆ. ಒಂಟೆಗಳ ಮೇಲೆ ಸಂಶೋಧನೆ ಮಾಡುವ ಸರ್ಕಾರಿ ಕೇಂದ್ರವೂ ಅಲ್ಲೇ ಇದೆ, 1984ರಲ್ಲಿ ಶುರುವಾದದ್ದು. ಆದರೆ ಹಕ್ಕಿ ನೋಡುವವರು ಹೋಗುವುದು ಇನ್ನೊಂದು ಜಾಗಕ್ಕೆ. ಸುತ್ತಮುತ್ತ ಸತ್ತ ದನ, ಎಮ್ಮೆ, ಒಂಟೆಗಳನ್ನು ತಂದು ಸುರಿಯುವ ಬಯಲು ಅದು. ಅಲ್ಲಲ್ಲಿ ಖೇಜ್ಡಿ ಮರ. ನಾವು ದಸರೆಗೆ ಪೂಜೆ ಮಾಡುವ ಬನ್ನಿ ಮರವೇ ಅದು. ಹೆಸರು ಗೊತ್ತಾದ ಮೇಲೆ ನನಗೆ ಆ ಊರು ಸ್ವಲ್ಪ ಹತ್ತಿರವಾಯಿತು. ವಾಸನೆ ಮಾತ್ರ ಆಗಲಿಲ್ಲ. ಜೀಪಿನವನು ಮೊದಲೇ ಕರ್ಪೂರ ಕೊಟ್ಟಿದ್ದ, ಕರ್ಚೀಫಿನಲ್ಲಿ ಕಟ್ಟಿಕೊಳ್ಳಿ ಅಂತ. ಹತ್ತು ನಿಮಿಷಕ್ಕೆ ಕರ್ಪೂರ ಸೋತಿತು.

ನಾನು ಹೋದದ್ದು ಜನವರಿಯಲ್ಲಿ. ಬೆಳಗ್ಗೆ ಏಳಕ್ಕೆ ಹೋಗಿ ಕುಳಿತರೆ ಹಲ್ಲು ಕಟಕಟ ಅನ್ನುವಷ್ಟು ಚಳಿ. ಮರದ ಮೇಲೆ, ನೆಲದ ಮೇಲೆ, ಎಲ್ಲೆಲ್ಲೂ ರಣಹದ್ದು. ಒಂದೂ ಅಲ್ಲಾಡುತ್ತಿಲ್ಲ. ಸ್ವಲ್ಪ ದೂರದಲ್ಲೇ ಚರ್ಮ ಸುಲಿದ ಹಸು ಕೆಂಪಗೆ ಬಿದ್ದಿದೆ. ನಾಯಿಗಳು ಆಗಲೇ ಕೆಲಸ ಶುರು ಮಾಡಿವೆ. ಇವು ಸುಮ್ನೆ ಕೂತಿವೆ. ನೋಡಿದರೆ ಯಾರದೋ ಅಪ್ಪಣೆಗೆ ಕಾಯುತ್ತಿರುವ ಹಾಗೇ ಇದೆ. ಮೊದಲ ಸಲ ನನಗೂ ಹಾಗೇ ಅನ್ನಿಸಿತ್ತು.

ಕಾಯುತ್ತಿದ್ದದ್ದು ಬಿಸಿಲಿಗೆ. ಗ್ರಿಫನ್ ಅನ್ನುವ ರಣಹದ್ದು ಏಳೆಂಟು ಕಿಲೋ ತೂಗುತ್ತದೆ. ರೆಕ್ಕೆ ಬಿಚ್ಚಿದರೆ ಎರಡೂವರೆ ಮೀಟರ್. ಅಷ್ಟು ದೊಡ್ಡ ಮೈಯನ್ನು ರೆಕ್ಕೆ ಬಡಿದು ಬಡಿದೇ ಮೇಲೆತ್ತಿದರೆ ತಿಂದದ್ದೆಲ್ಲ ಹಾರಾಟಕ್ಕೇ ಖರ್ಚು. ಅದಕ್ಕೇ ನೆಲ ಕಾದು, ಬಿಸಿಗಾಳಿ ಕಂಬದ ಹಾಗೆ ಮೇಲೇಳುವವರೆಗೆ ಅವು ತಾಳುತ್ತವೆ. ಒಂಬತ್ತೂವರೆ ದಾಟಿದ ಮೇಲೆ ಒಂದು ಎದ್ದಿತು. ಎರಡು ಸುತ್ತು ಹಾಕುವಷ್ಟರಲ್ಲಿ ಮರದ ಮೇಲಿನ ಎತ್ತರ. ಆಮೇಲೆ ಚುಕ್ಕಿ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಐದಾರು. ಮೊದಲು ಎದ್ದದ್ದನ್ನು ನೀವು ಲೀಡರ್ ಅನ್ನಬಹುದು. ಅದು ಮಾಡಿದ್ದಿಷ್ಟೇ: ಅದು ಕೂತ ಜಾಗದಲ್ಲಿ ಬಿಸಿಲು ಮೊದಲು ಬಿತ್ತು.

ಈ ಹಕ್ಕಿಗಳ ಅಸಲಿ ವಿದ್ಯೆ ಇರುವುದು ಮೇಲೆ ಹೋದ ಮೇಲೆ. ಅಮೆರಿಕದ ಕೆಲವು ರಣಹದ್ದುಗಳು ವಾಸನೆ ಹಿಡಿದು ಬರುತ್ತವೆ. ನಮ್ಮ ಕಡೆಯವು ಕಣ್ಣನ್ನೇ ನಂಬಿದವು. ಆಕಾಶದಲ್ಲಿ ಒಂದಕ್ಕೊಂದು ದೂರ ದೂರ ಹರಡಿಕೊಂಡು ಸುತ್ತುತ್ತವೆ. ಒಂದು ಕಣ್ಣು ನೆಲದ ಮೇಲೆ, ಇನ್ನೊಂದು ಪಕ್ಕದವನ ಮೇಲೆ. ಪಕ್ಕದವನು ತಟ್ಟನೆ ಇಳಿದರೆ ಇದೂ ಆ ಕಡೆ ತಿರುಗುತ್ತದೆ. ಇದು ತಿರುಗಿದ್ದನ್ನು ಇದರ ಪಕ್ಕದ್ದು ನೋಡುತ್ತದೆ. ಹೀಗೆ ಮೈಲಿಗಟ್ಟಲೆ ದೂರದ್ದಕ್ಕೂ ಸುದ್ದಿ ಮುಟ್ಟುತ್ತದೆ. ಯಾರೂ ಯಾರನ್ನೂ ಕರೆದಿಲ್ಲ. ನಮ್ಮೂರಲ್ಲಿ ಸೊಸೈಟಿ ಮುಂದೆ ನಾಲ್ಕು ಜನ ಚೀಲ ಹಿಡಿದು ನಿಂತರೆ ಸಾಕು, ಇಡೀ ಬೀದಿ ಬಂದು ನಿಲ್ಲುತ್ತದಲ್ಲ, ಹಾಗೆ.

ಊಟಕ್ಕೆ ಇಳಿದ ಮೇಲಾದರೂ ಒಬ್ಬ ಯಜಮಾನ ಬೇಡ್ವಾ? ಇಲ್ಲಿ ಉತ್ತರ ಸ್ವಲ್ಪ ಗೋಜಲು. ಜಾತಿಯ ಲೆಕ್ಕದಲ್ಲಿ ಒಂದು ಮೇಲು ಕೆಳಗು ಇದೆ. ಚಳಿಗಾಲಕ್ಕೆ ಮಂಗೋಲಿಯಾ, ಕಜಕಿಸ್ತಾನದ ಕಡೆಯಿಂದ ಬರುವ ಸಿನೇರಿಯಸ್ ಅನ್ನುವ ಕಪ್ಪು ರಣಹದ್ದು ಎಲ್ಲರಿಗಿಂತ ದೊಡ್ಡದು. ಗಟ್ಟಿ ಚರ್ಮ ಹರಿಯುವ ಕೊಕ್ಕು ಅದರದ್ದು. ಅದು ನಡೆದು ಬಂದರೆ ಉಳಿದವು ಜಾಗ ಬಿಡುತ್ತವೆ. ಗ್ರಿಫನ್‌ಗಳು ಉದ್ದ ಕತ್ತನ್ನು ಒಳಗೆ ತೂರಿಸಿ ಮೆತ್ತನೆಯ ಮಾಂಸ ಎಳೆಯುತ್ತವೆ. ಬಿಳಿ ರಣಹದ್ದು ಚಿಕ್ಕದು, ಹಳದಿ ಮುಖದ್ದು. ಅದು ಅಂಚಿನಲ್ಲಿ ಓಡಾಡಿಕೊಂಡು ಚೂರುಪಾರು ಹೆಕ್ಕುತ್ತದೆ.

ಆದರೆ ಗ್ರಿಫನ್‌ಗಳ ಗುಂಪಿನೊಳಗೆ ನೋಡಿ. ಅವತ್ತು ಆ ಹಸುವಿನ ಮೇಲೆ ಮೂವತ್ತಕ್ಕೂ ಜಾಸ್ತಿ ಇದ್ದವು. ಹೊಸದಾಗಿ ಇಳಿದ ಒಂದು ಹಕ್ಕಿ ರೆಕ್ಕೆ ಅರ್ಧ ಬಿಚ್ಚಿ, ಕತ್ತು ಮುಂದೆ ಚಾಚಿ, ಕಾಲು ಎತ್ತೆತ್ತಿ ಹಾಕುತ್ತಾ ಬಂತು. ಬಯಲಾಟದ ರಾಕ್ಷಸ ರಂಗಕ್ಕೆ ಬರುವ ಹಾಗೆ. ಹಸುವಿನ ಬೆನ್ನ ಮೇಲೆ ಕೂತಿದ್ದ ಹಕ್ಕಿ ಒಮ್ಮೆ ಬುಸ್ಸೆಂದಿತು, ಆಮೇಲೆ ಇಳಿಯಿತು. ಸೋತದ್ದಕ್ಕೆ ಕಾರಣ ಅದರ ಎದೆಯ ಮೇಲೇ ಕಾಣುತ್ತಿತ್ತು. ತಿಂದು ತಿಂದು ಮೇವಿನ ಚೀಲ ಉಬ್ಬಿ ನಿಂತಿತ್ತು. ಬಂದವನದ್ದು ಚಪ್ಪಟೆ. ಕಾಲು ಗಂಟೆಯ ನಂತರ ಆ ರಾಕ್ಷಸನೂ ಹೊಟ್ಟೆ ತುಂಬಿಸಿಕೊಂಡು ಬೇರೆಯವನಿಗೆ ಬೆನ್ನು ಬಿಟ್ಟುಕೊಟ್ಟ. ಹೆಚ್ಚು ಹಸಿದವನಿಗೆ ಹೆಚ್ಚು ರೋಷ. ರೋಷ ಇರುವವರೆಗೆ ಅವನದ್ದೇ ಜಾಗ. ಲೀಡರ್ ಅಂತ ಬೇಕೇ ಬೇಕು ಅಂದ್ರೆ ಆ ಕಾಲು ಗಂಟೆಯವನನ್ನು ತೋರಿಸಬಹುದು.

ಗುಂಪಿಗೆ ಅವನು ಏನೂ ತಂದುಕೊಡುವುದಿಲ್ಲ ಅನ್ನುವುದನ್ನೂ ಸೇರಿಸಬೇಕು. ಕೊಡಲು ಕಾಲೇ ಇಲ್ಲ. ಗಿಡುಗನ ಹಾಗೆ ಹಿಡಿದು ಒಯ್ಯುವ ಉಗುರಲ್ಲ ರಣಹದ್ದಿನದ್ದು, ನಡೆಯುವ ಪಾದ. ಮರಿಗೂ ಹೊಟ್ಟೆಯಲ್ಲೇ ತುಂಬಿಕೊಂಡು ಹೋಗಿ ಕಕ್ಕಿ ತಿನ್ನಿಸಬೇಕು. ಗ್ರಿಫನ್‌ಗೆ ವರ್ಷಕ್ಕೆ ಒಂದೇ ಮೊಟ್ಟೆ, ಗಂಡು ಹೆಣ್ಣು ಇಬ್ಬರೂ ಪಾಳಿ ಹಾಕಿಕೊಂಡು ಸಾಕುತ್ತಾರೆ. ಇವರ ಜವಾಬ್ದಾರಿ ಆ ಒಂದು ಬಾಯಿಗೆ ಮುಗಿಯಿತು.

ಹಾಗಾದರೆ ಕುತಂತ್ರಿ ಅನ್ನುವ ಹೆಸರು ಎಲ್ಲಿಂದ ಬಂತು? ಕಾರ್ಟೂನಿನವರನ್ನು ಬೈದು ಪ್ರಯೋಜನ ಇಲ್ಲ. ಮಹಾಭಾರತದ ಶಾಂತಿಪರ್ವದಲ್ಲೇ ಒಬ್ಬ ಇದ್ದಾನೆ. ಭೀಷ್ಮ ಧರ್ಮರಾಯನಿಗೆ ಹೇಳುವ ಕತೆ. ಸತ್ತ ಮಗುವನ್ನು ಹೊತ್ತು ನಂಟರು ಸ್ಮಶಾನಕ್ಕೆ ಬಂದು ಅಳುತ್ತಿರುತ್ತಾರೆ. ಅಲ್ಲೊಂದು ರಣಹದ್ದು. "ಸತ್ತವರು ತಿರುಗಿ ಬರಲ್ಲ, ಕತ್ತಲಾಗುವ ಮುಂಚೆ ಮನೆಗೆ ಹೋಗಿ" ಅಂತ ವೇದಾಂತ ಹೇಳುತ್ತದೆ. ಅವರು ಹೊರಟರೆ ಒಂದು ನರಿ ಬಂದು, "ಇಷ್ಟೇನಾ ನಿಮ್ಮ ಪ್ರೀತಿ? ಸೂರ್ಯ ಇನ್ನೂ ಮುಳುಗಿಲ್ಲ, ಮಗು ಏಳಬಹುದು, ಇರಿ" ಅನ್ನುತ್ತದೆ. ಅವರು ಹೋಗುವುದು, ಬರುವುದು. ಕೇಳುವುದಕ್ಕೆ ಎರಡೂ ಮಾತು ಸರಿಯೇ. ಗುಟ್ಟು ಏನಂದ್ರೆ ರಣಹದ್ದು ಹಗಲು ಮಾತ್ರ ಉಣ್ಣುವ ಹಕ್ಕಿ. ಕತ್ತಲಾದರೆ ಹೆಣ ನರಿಯ ಪಾಲು. ಕತೆ ಕಟ್ಟಿದವರು ಯಾರೋ ಸ್ಮಶಾನದ ಪಕ್ಕ ಕೂತು ಚೆನ್ನಾಗಿ ಹಕ್ಕಿ ನೋಡಿದವರೇ ಇರಬೇಕು. ಜೋರ್‌ಬೀರ್‌ನಲ್ಲೂ ಸಂಜೆಯಾದರೆ ಹದ್ದುಗಳು ಮರಕ್ಕೆ, ನಾಯಿಗಳು ಊಟಕ್ಕೆ.

ಕೊನೆಗೆ ಶಿವ ಬಂದು ಮಗುವನ್ನು ಬದುಕಿಸುತ್ತಾನೆ. ನನಗೆ ಇಷ್ಟವಾದ ಭಾಗ ಆಮೇಲಿನದ್ದು. ಆ ಹದ್ದಿಗೂ ನರಿಗೂ ಶಿಕ್ಷೆ ಇಲ್ಲ. ಹಸಿವು ಅಡಗಲಿ ಅಂತ ಅವಕ್ಕೂ ವರ. ರಾಮಾಯಣದ ಸಂಪಾತಿಯದ್ದೂ ಹೊಟ್ಟೆಯ ಕತೆಯೇ. ರೆಕ್ಕೆ ಸುಟ್ಟುಕೊಂಡ ಮುದಿ ಹದ್ದು, ಮಗ ತಂದರೆ ಊಟ. ಉಪವಾಸ ಸಾಯಲು ಕೂತ ಕಪಿಗಳನ್ನು ಕಂಡು, ಒಂದೊಂದಾಗಿ ಸತ್ತ ಹಾಗೆ ತಿನ್ನಬಹುದು ಅಂತ ಮೊದಲು ಖುಷಿಪಡುತ್ತಾನೆ. ತಮ್ಮ ಜಟಾಯುವಿನ ಹೆಸರು ಕಿವಿಗೆ ಬಿದ್ದ ಮೇಲೆಯೇ ಲಂಕೆಯ ದಾರಿ ಹೇಳುವುದು.

ಈಗ ನಿಜವಾದ ಕುತಂತ್ರದ ವಿಷಯ. ಅದರಲ್ಲಿ ಯೋಜನೆ ಹಾಕಿದವರು ಯಾರೂ ಇರಲಿಲ್ಲ, ಅದೇ ಬೇಜಾರು. ನೋವು, ಜ್ವರ ಬಂದ ದನಕ್ಕೆ ಡೈಕ್ಲೋಫಿನಾಕ್ ಚುಚ್ಚುತ್ತಿದ್ದರು. ಅಗ್ಗದ ಔಷಧಿ. ದನ ಅದರ ಬೆನ್ನಲ್ಲೇ ಸತ್ತರೆ ಔಷಧಿ ಮೈಯಲ್ಲೇ ಉಳಿಯುತ್ತದೆ. ತಿಂದ ರಣಹದ್ದಿನ ಕಿಡ್ನಿ ಕೆಟ್ಟು, ಯೂರಿಕ್ ಆಸಿಡ್ ಒಳಗಿನ ಅಂಗಗಳ ಮೇಲೆಲ್ಲ ಸುಣ್ಣದ ಹಾಗೆ ಕಟ್ಟಿಕೊಂಡು ಕೆಲವೇ ದಿನದಲ್ಲಿ ಸಾಯುತ್ತದೆ. ಕೊಳೆತದ್ದನ್ನೆಲ್ಲ ಅರಗಿಸುವ ಹೊಟ್ಟೆ ಇದೊಂದಕ್ಕೆ ಸೋತಿತು. ಕಾರಣ ಇದೇ ಅಂತ 2004ರಲ್ಲಿ ಗೊತ್ತಾಗುವ ಹೊತ್ತಿಗೆ ತುಂಬಾ ತಡವಾಗಿತ್ತು. 1992ರಿಂದ 2007ರ ಒಳಗೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು ಅನ್ನುವ ಇನ್ನೊಂದು ಜಾತಿ ಸಾವಿರ ಇದ್ದ ಕಡೆ ಒಂದು ಉಳಿಯಿತು.

ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ಲೆಕ್ಕ. ಇಷ್ಟು ಸಾವಿಗೆ ಎಷ್ಟು ಹೆಣಗಳಲ್ಲಿ ವಿಷ ಇದ್ದರೆ ಸಾಕು ಅಂತ ವಿಜ್ಞಾನಿಗಳು ಲೆಕ್ಕ ಹಾಕಿದರು. ನೂರಕ್ಕೆ ಒಂದಕ್ಕಿಂತ ಕಡಿಮೆ. ಹೇಗೆ ಅಂತೀರಾ? ಒಂದು ಇಳಿದರೆ ಎಲ್ಲ ಇಳಿಯುತ್ತವಲ್ಲ, ಅದಕ್ಕೇ. ಸಾವಿರಾರು ವರ್ಷ ಹೊಟ್ಟೆ ಹೊರೆದ ವಿದ್ಯೆಯೇ ಒಂದು ಹೆಣದ ಸುತ್ತ ಮೂವತ್ತು ಹಕ್ಕಿಗಳನ್ನು ಕೂರಿಸಿತು. ಮೂವತ್ತು ಸತ್ತ ಮೇಲೆ ಆಕಾಶದಲ್ಲಿ ಅಷ್ಟು ಕಣ್ಣು ಕಡಿಮೆ. ಉಳಿದವನಿಗೆ ನೋಡಲು ಪಕ್ಕದವನೇ ಇಲ್ಲ. ಎಲ್ಲೋ ದನ ಸತ್ತಿದ್ದರೂ ಸುದ್ದಿ ಮುಟ್ಟುವುದಿಲ್ಲ.

2006ರಲ್ಲಿ ದನಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸಿದರು. ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ಹೋಗುತ್ತಲೇ ಇದ್ದವು. 2015ರಲ್ಲಿ ಅದನ್ನು 3 ಮಿಲಿ ಸೀಸೆಗೆ ಇಳಿಸಿದರು. ಹಸುವಿಗೆ ಸಾಲುವಷ್ಟು ಮಾಡಲು ಅಂಥ ಎಷ್ಟೋ ಸೀಸೆ ಒಡೆಯಬೇಕು, ಯಾರೂ ಆ ತಾಪತ್ರಯಕ್ಕೆ ಹೋಗಲ್ಲ ಅನ್ನುವ ಉಪಾಯ. ಅಂತೂ ಒಂದು ಒಳ್ಳೆಯ ಕುತಂತ್ರ. 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೋಫಿನಾಕ್ ಅನ್ನುವ ನೋವಿನ ಔಷಧಿಗಳೂ ದನಗಳಿಗೆ ಬೇಡ ಅಂತಾಯಿತು. ಅವುಗಳ ಬದಲು ಮೆಲಾಕ್ಸಿಕಾಮ್ ಅನ್ನುವ ಔಷಧಿ ಕೊಟ್ಟರೆ ಹದ್ದಿಗೆ ಅಪಾಯ ಇಲ್ಲ. ಹಸು ಸಾಕಿದ ನನ್ನ ಅತ್ತಿಗೆಗೆ ಈ ಹೆಸರನ್ನು ಗೋಡೆ ಕ್ಯಾಲೆಂಡರಿನ ಮೇಲೆ ಬರೆದು ಬಂದಿದ್ದೇನೆ. ಡಾಕ್ಟರು ಬಂದಾಗ ಓದಿ ಹೇಳುತ್ತಾಳಂತೆ.

ನಮ್ಮಲ್ಲೂ ನೋಡಬೇಕೆಂದರೆ ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಿ. 2012ರಲ್ಲಿ ರಣಹದ್ದುಗಳಿಗೆಂದೇ ಅಭಯಾರಣ್ಯ ಮಾಡಿದ ಜಾಗ. ಉದ್ದ ಕೊಕ್ಕಿನ ರಣಹದ್ದು ಆ ಬಂಡೆಗಳ ಸಂದಿನಲ್ಲಿ ಗೂಡು ಕಟ್ಟುತ್ತದೆ. ಉಳಿದಿರುವುದು ಬೆರಳೆಣಿಕೆಯಷ್ಟು. ಕಳೆದ ಸಲ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಕೂತು ಒಂದೇ ಒಂದನ್ನು ನೋಡಿದೆ. ಬಂಡೆಯ ಮೇಲೆ ಸುಣ್ಣ ಸುರಿದ ಹಾಗೆ ಹಿಕ್ಕೆಯ ಗೆರೆ, ಅದರ ತುದಿಯಲ್ಲಿ ಅದು. ಹಾರಿತು, ಎರಡು ಸುತ್ತು ಹಾಕಿತು, ಅತ್ತಿತ್ತ ಕತ್ತು ತಿರುಗಿಸಿತು, ತಿರುಗಿ ಬಂದು ಅಲ್ಲೇ ಕೂತಿತು.

ಹೋದ ತಿಂಗಳು ಒಂದು ಶಾಲೆಯಲ್ಲಿ ಬೆಲ್ ತಡವಾಯಿತು. ಇಷ್ಟೂ ಹೇಳಿದೆ. ಐದನೇ ಕ್ಲಾಸಿನ ಒಬ್ಬ ಹುಡುಗ ಪೂರ್ತಿ ಕೇಳಿಸಿಕೊಂಡು ಎದ್ದು ನಿಂತ.

"ಹಾಗಾದ್ರೆ ಮಿಸ್, ಊಟ ಮೊದಲು ನೋಡಿದವನಿಗೆ ಜಾಸ್ತಿ ಸಿಗುತ್ತಾ?"

"ಇಲ್ಲ ಪುಟ್ಟ. ಎಷ್ಟೋ ಸಲ ಕಾಗೆಯೋ ಬಿಳಿ ರಣಹದ್ದೋ ಮೊದಲು ನೋಡಿರುತ್ತೆ. ದೊಡ್ಡವು ಬಂದು ಅದನ್ನ ಪಕ್ಕಕ್ಕೆ ತಳ್ಳುತ್ತವೆ. ಅದಕ್ಕೆ ಕೊನೆಗೆ ಚೂರು."

ಅವನು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದ. ಆಮೇಲೆ ಮರದ ಕೆಳಗೆ, ನೆಲದ ಮೇಲೆ ಒಂಟಿಯಾಗಿ ನಿಂತಿದ್ದ ಹಳದಿ ಮುಖದ ಹಕ್ಕಿಗೆ ಬೆರಳು ತೋರಿಸಿದ.

"ಹಾಗಾದ್ರೆ ಇದೇ ಲೀಡರ್ ಮಿಸ್. ಪಾಪ, ಯಾರಿಗೂ ಗೊತ್ತಿಲ್ಲ."