ಮನೆ ಶೆಡ್‌ಗೆ ಟೂ-ಪೋಸ್ಟ್ ಲಿಫ್ಟ್: ಮೊದಲು ನೆಲ, ಆಮೇಲೆ ಯಂತ್ರ

ಮನೆಯ ಶೆಡ್‌ಗೆ ಕಾರ್ ಲಿಫ್ಟ್ ಹಾಕಿಸಲು ಹೊರಟವರು ಮೊದಲು ವಿಚಾರಿಸುವುದು ರೇಟು, ಆಮೇಲೆ ಎಷ್ಟು ಟನ್ ಎಂದು. ಇಲ್ಲಿ ಹೇಳುತ್ತಿರುವುದು ಟೂ-ಪೋಸ್ಟ್ ಲಿಫ್ಟಿನ ವಿಷಯ: ಎರಡು ಕಂಬ, ಅವುಗಳಿಂದ ಚಾಚುವ ತೋಳುಗಳು ಗಾಡಿಯನ್ನು ಕೆಳಗಿನಿಂದ ಎತ್ತುತ್ತವೆ. ಟನ್ನಿನ ಲೆಕ್ಕ ಸುಲಭ. ಫಾರ್ಚುನರ್‌ನಂಥ ಗಾಡಿಯೂ ಖಾಲಿ ಇದ್ದಾಗ ಎರಡು ಟನ್ನಿನ ಆಸುಪಾಸು ತೂಗುತ್ತದೆ. 4 ಟನ್ನಿನ ಲಿಫ್ಟ್ ಮನೆ ಕೆಲಸಕ್ಕೆ ಧಾರಾಳ. ತೊಂದರೆ ಕೊಡುವುದು ಸೂರು ಮತ್ತು ನೆಲ.

ಸೂರನ್ನು ಟೇಪು ಹಿಡಿದು ಅಳೆಯಿರಿ. ಗಾಡಿಯ ಎತ್ತರ 1.8 ಮೀಟರ್, ಅದರ ಕೆಳಗೆ ನೆಟ್ಟಗೆ ನಿಂತು ಕೆಲಸ ಮಾಡಲು ಇನ್ನೊಂದು 1.8 ಮೀಟರ್. ಅಲ್ಲಿಗೇ 12 ಅಡಿ ಆಯಿತು. ಮೇಲೆ ಒಂದಷ್ಟು ಜಾಗ ಬಿಟ್ಟರೆ 13 ಅಡಿ ಬೇಕು. 10 ಅಡಿಯ ಆರ್‌ಸಿಸಿ ಪೋರ್ಟಿಕೋದಲ್ಲಿ ಟೂ-ಪೋಸ್ಟ್ ನಿಲ್ಲಿಸಿದರೂ ಎಸ್‌ಯುವಿಯನ್ನು ಎದೆಮಟ್ಟಕ್ಕೆ ಎತ್ತುವಷ್ಟರಲ್ಲಿ ಅದರ ಟಾಪು ಸೂರಿಗೆ ತಾಗುತ್ತದೆ. ಅಂಥ ಕಡೆ ಒಂದು ಮೀಟರ್ ಎತ್ತುವ ಕತ್ತರಿ ಲಿಫ್ಟೇ ಸರಿ. ಬ್ರೇಕು, ಸಸ್ಪೆನ್ಷನ್ ಕೆಲಸಕ್ಕೆ ಅದು ಸಾಕು. ಗಾಡಿಯ ನಡುವೆಯೇ ಅದರ ಫ್ರೇಮ್ ಕೂರುವುದರಿಂದ ಗೇರ್‌ಬಾಕ್ಸ್ ಇಳಿಸುವುದು ಮಾತ್ರ ಕಷ್ಟ.

ನೆಲದ ವಿಷಯದಲ್ಲಿ ರಾಜಿ ಬೇಡವೇ ಬೇಡ. ಎರಡು ಟನ್ನಿನ ಗಾಡಿ ಎತ್ತಿದಾಗ ಒಂದೊಂದು ಕಂಬದ ಪಾಲಿಗೆ ಒಂದು ಟನ್. ಆ ಭಾರ ಕಂಬದ ನೇರಕ್ಕೆ ಇಳಿಯುವುದಿಲ್ಲ, ತೋಳಿನ ತುದಿಯಲ್ಲಿ, ಅಂದರೆ ಕಂಬದಿಂದ ಸುಮಾರು 70 ಸೆಂ.ಮೀ. ಒಳಗೆ ತೂಗುತ್ತದೆ. ಬುಡದ ಪ್ಲೇಟಿನಲ್ಲಿ ಆ ಎಳೆತವನ್ನು ತಡೆಯಲು ಸಿಗುವ ಅಂತರ 35 ಸೆಂ.ಮೀ. ಆಸುಪಾಸು. ಹಾಗಾಗಿ ಹೊರಬದಿಯ ಬೋಲ್ಟುಗಳನ್ನು ಹೆಚ್ಚುಕಡಿಮೆ ಎರಡು ಟನ್ ಬಲ ಮೇಲಕ್ಕೆ ಕೀಳುತ್ತಿರುತ್ತದೆ. ನಮ್ಮ ಮನೆಗಳ ನೆಲವಾದರೋ ಮಣ್ಣು ತುಂಬಿ, ಮೇಲೆ ನಾಲ್ಕಿಂಚು 1:4:8 ಬೆಡ್ (ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು, ಎಂಟು ಪಾಲು ಜಲ್ಲಿ) ಹಾಕಿ, ಟೈಲ್ಸ್ ಕೂರಿಸಿದ್ದು. ಅದರಲ್ಲಿ ಆ್ಯಂಕರ್ ಬೋಲ್ಟ್ (ಕಾಂಕ್ರೀಟಿನ ತೂತಿನೊಳಗೆ ಹಿಗ್ಗಿ ಕಚ್ಚಿಕೊಳ್ಳುವ ಬೋಲ್ಟು) ಹಿಡಿಯುವುದಿಲ್ಲ, ಬಿಗಿ ಮಾಡುವಾಗಲೇ ಕಾಂಕ್ರೀಟು ಪುಡಿಯಾಗಿ ಬೋಲ್ಟು ತಿರುಗತೊಡಗುತ್ತದೆ.

ಹಳೆಯ ನೆಲವನ್ನು ಒಡೆಯಿರಿ. ಎರಡೂ ಕಂಬ ಒಂದೇ ಹಾಸಿನ ಮೇಲೆ ನಿಲ್ಲುವಂತೆ 4 ಮೀಟರ್ ಉದ್ದ, 1.5 ಮೀಟರ್ ಅಗಲ, 25 ಸೆಂ.ಮೀ. ದಪ್ಪಕ್ಕೆ ಎಂ25 ದರ್ಜೆಯ ಗಟ್ಟಿ ಕಾಂಕ್ರೀಟು ಹಾಕಿಸಿ. ಮೇಲೆ ಕೆಳಗೆ 12 ಎಂ.ಎಂ. ಕಂಬಿಯ ಜಾಲರಿ ಇರಲಿ. ಒಟ್ಟು ಒಂದೂವರೆ ಘನ ಮೀಟರ್. ಸೈಟಿನಲ್ಲೇ 1:1:2 ಕಲಸುವುದಾದರೆ 16-17 ಮೂಟೆ ಸಿಮೆಂಟು ಬೇಕು. ಬೋಲ್ಟು ಬರುವ ಜಾಗವನ್ನು ಮೊದಲೇ ಗುರುತಿಸಿಕೊಂಡು ಕಂಬಿಯನ್ನು ಅಲ್ಲಿಂದ ಸರಿಸಿ ಕಟ್ಟಿಸಿ, ಇಲ್ಲದಿದ್ದರೆ ಡ್ರಿಲ್ ಬಿಟ್ ಕಂಬಿಗೇ ಹೊಡೆಯುತ್ತದೆ. ನೀರು ಕಟ್ಟಿ ಕ್ಯೂರಿಂಗ್ ಮಾಡಿ, 28 ದಿನ ತುಂಬುವ ತನಕ ಕಂಬ ನಿಲ್ಲಿಸಬೇಡಿ. ಹತ್ತೇ ದಿನಕ್ಕೆ ಗಟ್ಟಿಯಾಗಿ ಕಂಡರೂ ಅದು ಪೂರ್ತಿ ಬಲಕ್ಕೆ ಬಂದಿರುವುದಿಲ್ಲ.

ಕರೆಂಟು: ಸಿಂಗಲ್ ಫೇಸ್‌ನ 2.2 ಕಿಲೋವ್ಯಾಟ್ ಮೋಟರಿಗೆ ಬೋರ್ಡಿನಿಂದಲೇ ಪ್ರತ್ಯೇಕವಾಗಿ 4 ಸ್ಕ್ವೇರ್ ಎಂ.ಎಂ. ತಾಮ್ರದ ವೈರು ಎಳೆಸಿ. ಸಂಜೆ ವೋಲ್ಟೇಜ್ ಕುಸಿಯುವ ಊರಾದರೆ ತ್ರೀ ಫೇಸ್ ಒಳ್ಳೆಯದು. ತ್ರೀ ಫೇಸ್‌ನಲ್ಲಿ ಮೋಟರ್ ತಿರುಗಿದರೂ ಲಿಫ್ಟ್ ಏಳದಿದ್ದರೆ ಅದು ಉಲ್ಟಾ ತಿರುಗುತ್ತಿರಬಹುದು. ಮೇನ್ ಆಫ್ ಮಾಡಿಸಿ ಎರಡು ಫೇಸ್ ಅದಲುಬದಲು ಮಾಡಿಸಿ.

ಕಂಬ ನಿಲ್ಲಿಸುವಾಗ ದಾರ ಹೊಡೆದು ಗೆರೆ ಹಾಕಿ, ಎರಡು ಬುಡಗಳ ಕರ್ಣದ ಅಳತೆ ಸಮ ಇದೆಯೇ ನೋಡಿ. ಬುಡದ ಪ್ಲೇಟನ್ನೇ ಅಚ್ಚಾಗಿ ಇಟ್ಟು ಬೋಲ್ಟಿನ ಅಳತೆಯ ಬಿಟ್‌ನಿಂದ ತೂತು ಕೊರೆಯಿರಿ. ತೂತಿನೊಳಗಿನ ಪುಡಿಯನ್ನು ಬ್ರಷ್ ಹಾಕಿ, ಗಾಳಿ ಹೊಡೆದು ಪೂರ್ತಿ ತೆಗೆಯಿರಿ. ಆ್ಯಂಕರ್ ಜಾರುವುದಕ್ಕೆ ಬಹಳ ಸಲ ಈ ಪುಡಿಯೇ ಕಾರಣ. ಕಂಬವನ್ನು ತೂಗುಗುಂಡು ಬಿಟ್ಟು ಎರಡೂ ಕಡೆಯಿಂದ ನೋಡಿ, ಓರೆ ಇದ್ದರೆ ಬುಡಕ್ಕೆ ಉಕ್ಕಿನ ತಗಡು ಕೊಡಿ. ಮರದ ಚಕ್ಕೆ ಕೊಡುವವರಿದ್ದಾರೆ; ಭಾರಕ್ಕೆ ಅದು ಅಪ್ಪಚ್ಚಿಯಾಗಿ ಬೋಲ್ಟು ಸಡಿಲವಾಗುತ್ತದೆ. ಕೊನೆಗೆ ಟಾರ್ಕ್ ರೆಂಚ್‌ನಲ್ಲಿ ಮ್ಯಾನ್ಯುವಲ್ ಹೇಳಿದಷ್ಟಕ್ಕೇ ಬಿಗಿ ಮಾಡಿ.

ಹೈಡ್ರಾಲಿಕ್ ಎಣ್ಣೆ ಮ್ಯಾನ್ಯುವಲ್ ಹೇಳಿದ ಗ್ರೇಡಿನದೇ ಇರಲಿ, ಹೆಚ್ಚಾಗಿ 32 ಅಥವಾ 46. ಗಾಡಿ ಇಲ್ಲದೆ ನಾಲ್ಕೈದು ಸಲ ಪೂರ್ತಿ ಏರಿಸಿ ಇಳಿಸಿದರೆ ಸಿಲಿಂಡರಿನ ಗಾಳಿ ಹೋಗುತ್ತದೆ. ಏರುವಾಗ ಕಿವಿಗೊಡಿ: ಎರಡೂ ಕಂಬದ ಲಾಕು (ತೋಳು ಕೆಳಗೆ ಜಾರದಂತೆ ತಡೆಯುವ ಕೊಂಡಿ) ಒಟ್ಟಿಗೇ ಟಕ್ ಎನ್ನಬೇಕು. ಒಂದು ಮುಂದೆ ಒಂದು ಹಿಂದೆ ಕೇಳಿಸಿದರೆ ಎರಡೂ ಕಡೆಯ ತೋಳನ್ನು ಸಮಕ್ಕೆ ಏರಿಸುವ ವೈರ್‌ರೋಪ್‌ಗಳಲ್ಲಿ ಒಂದು ಸಡಿಲ ಇದೆ ಎಂದರ್ಥ. ಅದರ ತುದಿಯ ನಟ್ಟು ತಿರುಗಿಸಿ ಸರಿಮಾಡಿ. ಮೊದಲ ಗಾಡಿಯನ್ನು ಚಕ್ರ ನೆಲ ಬಿಟ್ಟು ಒಂದಡಿ ಎತ್ತಿ, ಬಂಪರು ಹಿಡಿದು ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಇಳಿಸಿ, ತೋಳಿನ ತುದಿಯಲ್ಲಿ ಗಾಡಿಗೆ ತಾಗುವ ಪ್ಯಾಡಿನ ಜಾಗ ಬದಲಿಸಿ. ಬೊಲೆರೊ, ಸ್ಕಾರ್ಪಿಯೊದಂಥ ಚಾಸಿ ಗಾಡಿಗಳಿಗೆ (ಬಾಡಿಯ ಕೆಳಗೆ ಬೇರೆ ಫ್ರೇಮ್ ಇರುವವು) ಪ್ಯಾಡಿನ ಕೆಳಗೆ ಎತ್ತರದ ಅಡಾಪ್ಟರ್ ಬೇಕಾಗುತ್ತದೆ.

ಬೇಕಾದ ಎತ್ತರಕ್ಕೆ ಬಂದ ಮೇಲೆ ಸ್ವಲ್ಪ ಇಳಿಸಿ, ಭಾರವನ್ನು ಲಾಕಿನ ಮೇಲೆ ಕೂರಿಸಿಯೇ ಗಾಡಿ ಕೆಳಗೆ ಹೋಗಿ. ಎಣ್ಣೆಯ ಒತ್ತಡವನ್ನು ನಂಬಿ ನಿಲ್ಲಬೇಡಿ. ಎಂಜಿನ್ ಇಳಿಸುವ ಕೆಲಸವಿದ್ದರೆ ಹಿಂಭಾಗಕ್ಕೆ ಮೊದಲೇ ಎತ್ತರದ ಸ್ಟ್ಯಾಂಡ್ ಕೊಡಿ. ಮುಂದಿನ ಭಾರ ಹೋದ ಕ್ಷಣವೇ ಗಾಡಿ ಹಿಂದಕ್ಕೆ ವಾಲುತ್ತದೆ. ಆ್ಯಂಕರ್ ಬೋಲ್ಟುಗಳನ್ನು ಮೊದಲ ವಾರ ಕಳೆದ ಮೇಲೆ ಒಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಟಾರ್ಕ್ ನೋಡಿ. ಕರಾವಳಿಯವರು ಮಳೆಗಾಲ ಮುಗಿದ ಕೂಡಲೇ ವೈರ್‌ರೋಪನ್ನೂ ಒರೆಸಿ ಪರೀಕ್ಷಿಸಿ. ಒಂದು ಎಳೆ ಬಿಚ್ಚಿಕೊಂಡಿದ್ದರೂ ಹೊಸದು ಹಾಕಿಸಿ.