ಹಾಡುಗಾರನಿಗೆ ಪೈಲಟ್ ಲೈಸೆನ್ಸ್ ಯಾಕೆ?

ಬ್ರೂಸ್ ಡಿಕಿನ್ಸನ್ ಬಗ್ಗೆ ಬರೆಯುವವರೆಲ್ಲ ಒಂದು ಪಟ್ಟಿ ಕೊಡುತ್ತಾರೆ. ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಗಾಯಕ, ವಿಮಾನದ ಕ್ಯಾಪ್ಟನ್, ಕತ್ತಿವರಸೆ ಆಟಗಾರ, ಕಾದಂಬರಿಕಾರ, ರೇಡಿಯೋ ನಿರೂಪಕ, ಜೊತೆಗೆ ಬ್ಯಾಂಡಿನ ಹೆಸರಲ್ಲಿ ತಂದ ಒಂದು ಬಿಯರ್ ಬೇರೆ. ಓದಿದವರು 'ಅಬ್ಬಾ' ಅಂತಾರೆ. ನನಗೆ ಆ ಪಟ್ಟಿ ಕಂಡರೆ ಕಿರಿಕಿರಿ. ಅದರಲ್ಲಿ ಕೆಲವು ಶೋಕಿ, ಕೆಲವು ನಿಜವಾದ ದುಡಿಮೆ. ಎರಡನ್ನೂ ಒಂದೇ ಸಾಲಲ್ಲಿ ನಿಲ್ಲಿಸಿದರೆ ಹೇಗೆ?

ಮೊದಲು ಗಂಟಲಿನ ವಿಷಯ. ನಾನು ಮೈಸೂರಲ್ಲಿ ವರ್ಣದವರೆಗೆ ಕರ್ನಾಟಕ ಸಂಗೀತ ಕಲಿತವಳು. ಹಾಗಾಗಿ ಅಣ್ಣನ ಕ್ಯಾಸೆಟ್‌ನಲ್ಲಿ ಈತನನ್ನು ಮೊದಲು ಕೇಳಿದಾಗ ಗಿಟಾರ್ ಕಡೆ ಗಮನವೇ ಹೋಗಲಿಲ್ಲ. ತಾರಸ್ಥಾಯಿಯಲ್ಲಿ ಅಷ್ಟು ಹೊತ್ತು ನಿಂತೂ ಈತನ ದನಿ ತೆಳ್ಳಗಾಗುತ್ತಿರಲಿಲ್ಲ. ಈತನಿಗೆ ಬಿದ್ದ ಅಡ್ಡಹೆಸರು 'ಏರ್ ರೇಡ್ ಸೈರನ್'. ಸರಿಯಾಗಿಯೇ ಇಟ್ಟಿದ್ದಾರೆ.

ಆ ದನಿ ಹುಟ್ಟಿನಿಂದ ಬಂದದ್ದಷ್ಟೇ ಅಲ್ಲ. 1982ರ 'ದ ನಂಬರ್ ಆಫ್ ದ ಬೀಸ್ಟ್' ರೆಕಾರ್ಡಿಂಗ್‌ನಲ್ಲಿ ನಿರ್ಮಾಪಕ ಮಾರ್ಟಿನ್ ಬರ್ಚ್ ಶೀರ್ಷಿಕೆ ಹಾಡಿನ ಮೊದಲ ಸಾಲುಗಳನ್ನು ಗಂಟೆಗಟ್ಟಲೆ ಹಾಡಿಸಿದರಂತೆ. ಮೆಲ್ಲಗೆ, ಹೆಚ್ಚುಕಮ್ಮಿ ಪಿಸುಮಾತಿನಲ್ಲಿ ಶುರುವಾಗುವ ಸಾಲುಗಳು ಅವು. ಮತ್ತೆ, ಮತ್ತೆ, ಇನ್ನೊಂದ್ಸಲ. ಕೊನೆಗೆ ಕುರ್ಚಿ ಎತ್ತಿ ಗೋಡೆಗೆ ಎಸೆಯುವಷ್ಟು ರೇಗಿಹೋಯಿತು ಅಂತ ಬ್ರೂಸೇ ಹೇಳಿಕೊಂಡಿದ್ದಾನೆ. ಆ ಸಿಟ್ಟೆಲ್ಲ ಮುಂದೆ ಬರುವ ಉದ್ದನೆಯ ಚೀತ್ಕಾರಕ್ಕೆ ಹೋಯಿತು. ಸರಳೆ ವರಸೆಯನ್ನು ಮೂರನೇ ಕಾಲದಲ್ಲಿ ಹತ್ತು ಸಲ ಹೇಳಿಸಿಕೊಂಡವರಿಗೆ ಈ ಸಂಕಟ ಚೆನ್ನಾಗಿ ಗೊತ್ತು. ನಮಗೆ ಕುರ್ಚಿ ಎಸೆಯುವ ಧೈರ್ಯ ಇರಲಿಲ್ಲ, ಅಷ್ಟೇ.

ಅದಕ್ಕೂ ಹಿಂದಿನದನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1958ರಲ್ಲಿ ಇಂಗ್ಲೆಂಡಿನ ವರ್ಕ್‌ಸಾಪ್‌ನಲ್ಲಿ ಹುಟ್ಟಿದ್ದು. ಎಳವೆಯಲ್ಲಿ ಸಾಕಿದ್ದು ಅಜ್ಜ ಅಜ್ಜಿ. ಔಂಡಲ್ ಅನ್ನೋ ಬೋರ್ಡಿಂಗ್ ಶಾಲೆಗೆ ಸೇರಿಸಿದರೆ, ಹೆಡ್‌ಮಾಸ್ಟರ್ ತಿನ್ನುವ ಊಟಕ್ಕೆ ಉಚ್ಚೆ ಬೆರೆಸಿ ಅಲ್ಲಿಂದ ಹೊರಬಿದ್ದ. ಆಮೇಲೆ ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಇತಿಹಾಸ ಓದಿದ, ಸ್ಯಾಮ್ಸನ್ ಬ್ಯಾಂಡಿನಲ್ಲಿ ಹಾಡಿದ. 1981ರಲ್ಲಿ ಪಾಲ್ ಡಿಯಾನೋ ಬಿಟ್ಟ ಜಾಗಕ್ಕೆ ಐರನ್ ಮೇಡನ್ ಸೇರಿದ. ಈತನ ದನಿಯಿದ್ದ ಮೊದಲ ಆಲ್ಬಂ ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು.

1993ರಲ್ಲಿ ಬ್ಯಾಂಡ್ ಬಿಟ್ಟ, 1999ರಲ್ಲಿ ವಾಪಸ್ ಬಂದ. ನಡುವಿನ ವರ್ಷಗಳನ್ನು ಜನ ವನವಾಸ ಅನ್ನೋ ಹಾಗೆ ಮಾತಾಡುತ್ತಾರೆ. ನಾನು ಒಪ್ಪೋಲ್ಲ. 1994ರ ಡಿಸೆಂಬರಿನಲ್ಲಿ ಬೋಸ್ನಿಯಾದ ಸರಾಯೆವೊ ನಗರ ಮುತ್ತಿಗೆಯಲ್ಲಿದ್ದಾಗ, ಗುಂಡು ಹಾರುತ್ತಿದ್ದ ಊರಿಗೆ ರಸ್ತೆಯಲ್ಲಿ ಟ್ರಕ್ ಹತ್ತಿ ಹೋಗಿ ಹಾಡಿ ಬಂದವನು ಈತ. ಆಗ ಜೊತೆಗೆ ಮೇಡನ್ ಇರಲಿಲ್ಲ, ದೊಡ್ಡ ವೇದಿಕೆಯೂ ಇರಲಿಲ್ಲ.

ವಿಮಾನ ಕಲಿತದ್ದೂ ತೊಂಬತ್ತರ ದಶಕದಲ್ಲೇ. ನಾನು ದುಡಿಮೆ ಅಂದದ್ದು ಇದನ್ನೇ. ಹಣವಂತರು ಸುಮ್ನೆ ಒಂದು ಪುಟ್ಟ ವಿಮಾನ ಕೊಂಡು ಭಾನುವಾರ ಹಾರಿಸುತ್ತಾರಲ್ಲ, ಆ ಥರ ಅಲ್ಲ. ಆಸ್ಟ್ರಿಯಸ್ ಅನ್ನೋ ಕಂಪನಿಯಲ್ಲಿ ಬೋಯಿಂಗ್ 757ರ ಕ್ಯಾಪ್ಟನ್ ಆಗಿ, ಮಾಮೂಲಿ ಪ್ರಯಾಣಿಕರನ್ನು ಕರೆದುಕೊಂಡು ಹೋಗುತ್ತಿದ್ದ. ಅಂಥ ಪೈಲಟ್ ಆರು ತಿಂಗಳಿಗೊಮ್ಮೆ ಸಿಮ್ಯುಲೇಟರಿನಲ್ಲಿ ಕೂತು ಪರೀಕ್ಷೆ ಕೊಡಬೇಕು. ನೀವು ಎಷ್ಟು ಆಲ್ಬಂ ಮಾರಿದ್ದೀರಿ ಅಂತ ಪರೀಕ್ಷಕ ಕೇಳೋಲ್ಲ. ವೇದಿಕೆಯಲ್ಲಿ ಎಲ್ಲರೂ ನಿಮ್ಮನ್ನೇ ನೋಡಬೇಕು. ಕಾಕ್‌ಪಿಟ್‌ನಲ್ಲಿ ಹಿಂದೆ ಕೂತವರಿಗೆ ನಿಮ್ಮ ನೆನಪೇ ಬರಬಾರದು. ಈ ಎರಡೂ ಒಬ್ಬನಿಗೇ ಬೇಕಾಗಿತ್ತು ಅನ್ನೋದು ನನಗೆ ತುಂಬ ಇಷ್ಟ. 2006ರಲ್ಲಿ ಲೆಬನಾನ್ ಯುದ್ಧದ ಹೊತ್ತಿಗೆ ಅಲ್ಲಿಂದ ಹೊರಬಂದ ಬ್ರಿಟಿಷರನ್ನು ಊರಿಗೆ ಕರೆತಂದ ಪೈಲಟ್‌ಗಳಲ್ಲಿ ಈತನೂ ಒಬ್ಬ.

ನಾನು ಈತನನ್ನು ಕಣ್ಣಾರೆ ನೋಡಿದ್ದು 2007ರ ಮಾರ್ಚ್ 17ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ. ಆಗ ಆ ಮಟ್ಟದ ಮೆಟಲ್ ಬ್ಯಾಂಡ್ ನಮ್ಮ ಕಡೆ ಬರುವುದೇ ಅಪರೂಪ. ಎಲ್ಲೆಲ್ಲಿಂದಲೋ ರೈಲು ಹತ್ತಿ ಬಂದ ಹುಡುಗರು, ಎಲ್ಲರ ಮೈಮೇಲೂ ಕಪ್ಪು ಟಿ ಶರ್ಟ್. ಹೆಂಗಸರು ಬೆರಳೆಣಿಕೆಯಷ್ಟು. ಮೈಕ್ ಸ್ಟ್ಯಾಂಡ್ ಹಿಡಿದು ಅಷ್ಟೆಲ್ಲ ಓಡಾಡಿದ ಮೇಲೂ ಉಸಿರು ಮಾತ್ರ ಆ ಕಡೆ ಈ ಕಡೆ ಆಗಲಿಲ್ಲ. ಕತ್ತಿವರಸೆಯ ಅಭ್ಯಾಸ ಅಂದುಕೊಂಡೆ. ಒಂದು ಕಾಲಕ್ಕೆ ಫಾಯಿಲ್ ಅನ್ನೋ ಹಗುರ ಕತ್ತಿಯ ವಿಭಾಗದಲ್ಲಿ ಬ್ರಿಟನ್ನಿನ ಏಳನೇ ಸ್ಥಾನದವರೆಗೂ ಹೋಗಿದ್ದನಂತೆ.

ಮರುವರ್ಷ, 2008ರ ಫೆಬ್ರವರಿಯಲ್ಲಿ, ಬ್ಯಾಂಡ್ ಬಾಡಿಗೆಗೆ ಪಡೆದ 757ರಲ್ಲಿ ಮುಂಬೈಗೆ ಬಂತು. ಸೀಟು ಕಿತ್ತು ವಾದ್ಯ, ಸ್ಪೀಕರ್ ತುಂಬಿದ ವಿಮಾನ. ಹೆಸರು ಎಡ್ ಫೋರ್ಸ್ ಒನ್. ಓಡಿಸಿದ್ದು ಗಾಯಕ!

2014ರ ಕೊನೆಗೆ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಗಡ್ಡೆ ಪತ್ತೆಯಾಯಿತು. ಹೊಸ ಆಲ್ಬಂನ ರೆಕಾರ್ಡಿಂಗ್ ಆಗಷ್ಟೇ ಮುಗಿದಿತ್ತು. ಕೀಮೋ ಜೊತೆಗೆ 33 ಸಲ ರೇಡಿಯೇಶನ್, ಅದೂ ಹಾಡುವ ಗಂಟಲಿಗೆ. 2015ರ ಮೇ ತಿಂಗಳಲ್ಲಿ ಗುಣವಾಗಿದೆ ಅಂತ ವೈದ್ಯರು ಹೇಳಿದರು. ಈತ ಸುಮ್ಮನಿರಲಿಲ್ಲ. ಇದು ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ವೈರಸ್‌ನಿಂದ ಬಂದದ್ದು ಅಂತ ಮುಚ್ಚುಮರೆಯಿಲ್ಲದೆ ಮಾತಾಡಿದ. ನಲವತ್ತು ದಾಟಿದ ಗಂಡಸರು ಕುತ್ತಿಗೆಯಲ್ಲಿ ಗಂಟು ಕಂಡರೆ ಡಾಕ್ಟರ ಹತ್ತಿರ ಹೋಗಿ ಅಂದ. ನಮ್ಮಲ್ಲಿ ಎಷ್ಟು ಜನ ಹೀಗೆ ಬಾಯಿಬಿಟ್ಟು ಹೇಳುತ್ತಾರೆ? 2016ರಲ್ಲಿ ಮತ್ತೆ ಪ್ರವಾಸ. ಈ ಸಲ 747. ಅದಕ್ಕೂ ಹೊಸದಾಗಿ ತರಬೇತಿ ಪಡೆದ.

ಆ ಆಲ್ಬಂನಲ್ಲಿ , ಅಂದರೆ ಕ್ಯಾನ್ಸರ್ ಪತ್ತೆಯಾಗುವ ಮುಂಚೆ ರೆಕಾರ್ಡ್ ಆದದ್ದರಲ್ಲಿ, ಈತನೇ ಬರೆದು, ಪಿಯಾನೋ ನುಡಿಸಿದ 18 ನಿಮಿಷದ ಹಾಡೊಂದಿದೆ, 'ಎಂಪೈರ್ ಆಫ್ ದ ಕ್ಲೌಡ್ಸ್'. 1930ರಲ್ಲಿ ಇಂಗ್ಲೆಂಡಿನಿಂದ ಆಗಿನ ಇಂಡಿಯಾದ ಕರಾಚಿಗೆ ಹೊರಟು, ಫ್ರಾನ್ಸಿನಲ್ಲಿ ಬಿದ್ದು ಉರಿದುಹೋದ ಆರ್101 ವಾಯುನೌಕೆಯ ಕಥೆ. ಸತ್ತವರು 48 ಜನ. ಇತಿಹಾಸದ ವಿದ್ಯಾರ್ಥಿ, ಪೈಲಟ್, ಗಾಯಕ ಮೂವರೂ ಅಲ್ಲಿ ಸಿಗುತ್ತಾರೆ.

ಹಾಗಂತ ಮಾಡಿದ್ದೆಲ್ಲ ಚಿನ್ನ ಅಲ್ಲ. ಕಾದಂಬರಿಗಳನ್ನು ಗಾಯಕನ ಹೆಸರಿಗಾಗಿ ಓದಬೇಕು, ಅಷ್ಟೇ. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡಬೇಕು ಅನ್ನೋ ಬ್ರೆಕ್ಸಿಟ್‌ಗೆ ಓಟು ಹಾಕಿ, ಆಮೇಲೆ ಯುರೋಪಿನಲ್ಲಿ ಕಲಾವಿದರ ಓಡಾಟಕ್ಕೆ ತೊಂದರೆ ಆಯ್ತು ಅಂತ ಗೊಣಗಿದ್ದಕ್ಕೆ ನಾನೂ ನಕ್ಕಿದ್ದೇನೆ.

ಹೊಸದಾಗಿ ಕೇಳುವವರು 18 ನಿಮಿಷದ್ದರಿಂದ ಶುರು ಮಾಡಬೇಡಿ. 1982ರ ಆಲ್ಬಂ ಕೇಳಿ. ಅಣ್ಣನ ಮಗಳಿಗೆ ಹಾಗೇ ಹೇಳಿ ಕೊಟ್ಟೆ. ಪೂರ್ತಿ ಕೇಳಿ ಬಂದು, "ಅತ್ತೆ, ಬೇಸ್ ಗಿಟಾರ್ ನುಡಿಸೋರು ಯಾರು? ಸಖತ್ತಾಗಿದೆ" ಅಂದಳು.